ನನ್ನ ಹೂಂ ಮತ್ತು ಆದರ್ಶ ಅನಿಲ

ನನಗೊಂದು ಕೆಟ್ಟ ಚಟವಿದೆ. ಯಾರೇ ಏನೇ ಹೇಳಲಿ, ಅರ್ಧಕ್ಕೇ ‘ಹೂಂ’ ಅಂದುಬಿಡುತ್ತೇನೆ. ಡಾಕ್ಟರು ಗುಳಿಗೆ ನುಂಗುವ ಕ್ರಮ ಹೇಳಿದರೂ ಹೂಂ, ಇವತ್ತು ಬಸ್ಸಿಲ್ಲ ಎಂದರೂ ಹೂಂ. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಅಲ್ಲಿ ಪಕ್ಕಾ ಕಲಿತದ್ದು ಇದೊಂದೇ. ಹೂಂ ಅಂದವರನ್ನು ಮಾಸ್ತರು ಎಬ್ಬಿಸಿ ಪ್ರಶ್ನೆ ಕೇಳುತ್ತಿರಲಿಲ್ಲ.

ಈ ಚಟ ಇನ್ನೊಬ್ಬರನ್ನು ಮುಳುಗಿಸೀತು ಎಂದು ಗೊತ್ತಾದದ್ದು ತಂಗಿ ರೇಣುಕಾ ರಾಣೆಬೆನ್ನೂರಿನಲ್ಲಿ ಪಿಯುಸಿ ವಿಜ್ಞಾನ ಓದುವಾಗ. ನಮ್ಮ ಬ್ಯಾಡಗಿಯ ಓಣಿಗೆ ಮೊಬೈಲುಗಳು ಒಂದೊಂದಾಗಿ ಬರುತ್ತಿದ್ದ ಕಾಲ ಅದು. ಪಾಠ ತಿಳಿದಿದೆಯೋ ಇಲ್ಲವೋ ನೋಡಬೇಕಾದರೆ ಏನೂ ಗೊತ್ತಿಲ್ಲದ ಒಬ್ಬರಿಗೆ ಅದನ್ನು ಹೇಳಿ ನೋಡಿ, ಅವರಿಗೆ ತಿಳಿದರೆ ನಿಮಗೂ ತಿಳಿದಂತೆ ಎಂದು ರಸಾಯನಶಾಸ್ತ್ರದ ಸರ್ ಹೇಳಿದ್ದರಂತೆ. ಏನೂ ಗೊತ್ತಿಲ್ಲದವರನ್ನು ಹುಡುಕಲು ರೇಣುಕಾ ದೂರ ಹೋಗಬೇಕಾಗಲಿಲ್ಲ. ನಾನು ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ತೊಟ್ಟು ಬಿಡಿಸುತ್ತ ಕೂತೇ ಇದ್ದೆ.

“ಅಕ್ಕಾ, ಆದರ್ಶ ಅನಿಲ ಅಂತ ಒಂದೈತಿ,” ಎಂದು ಶುರುಮಾಡಿದಳು. “ಅದರ ಕಣಕ್ಕ ಸ್ವಂತ ಗಾತ್ರ ಇರಂಗಿಲ್ಲ. ಒಂದರ ಮ್ಯಾಲೆ ಒಂದಕ್ಕ ಸೆಳೆತಾನೂ ಇರಂಗಿಲ್ಲ.”

“ಎಲ್ಲಿ ಸಿಗತೈತಿ?”

“ಎಲ್ಲೂ ಸಿಗಂಗಿಲ್ಲ. ಸಿಗೋದೆಲ್ಲ ನೈಜ ಅನಿಲ.”

ಇದು ನನಗೆ ತಕ್ಷಣ ತಿಳಿಯಿತು. ಹಾವೇರಿಯಿಂದ ನಮ್ಮ ಓಣಿಗೆ ವರಗಳ ಸುದ್ದಿ ತರುವ ಮುದುಕನೊಬ್ಬನಿದ್ದ. ಅವನು ವರ್ಣಿಸುವ ಹುಡುಗರೆಲ್ಲ ಆದರ್ಶ ಅನಿಲಗಳೇ: ಕುಡಿಯುವುದಿಲ್ಲ, ಸಿಟ್ಟಿಲ್ಲ, ಏನೂ ಕೇಳುವುದಿಲ್ಲ. ಅಕ್ಷತೆ ಬಿದ್ದ ಮೇಲೆ ಮನೆಗೆ ಬರುವುದು ನೈಜ ಅನಿಲ.

ಇಲ್ಲಿಯವರೆಗೆ ನನ್ನ ಹೂಂ ಪ್ರಾಮಾಣಿಕ. ಮುಂದೆ ಒತ್ತಡ, ಉಷ್ಣತೆ ಎಂದೆಲ್ಲ ಬಂತು. ಮೆಣಸಿನಕಾಯಿ ಘಾಟಿಗೆ ನನಗೆ ಸೀನು ಬೇರೆ. “ನೈಜ ಅನಿಲಾನೂ ಆದರ್ಶದಂಗ ಇರಬೇಕಂದ್ರ ಭಾಳ ಒತ್ತಿ, ಭಾಳ ತಂಪು ಮಾಡಬೇಕು. ಹೌದಿಲ್ಲೋ?” ಎಂದಳು.

“ಹೂಂ, ಬರೋಬ್ಬರಿ,” ಎಂದೆ.

ಬರೋಬ್ಬರಿ ಉಲ್ಟಾ ಆಗಿತ್ತು. ಒತ್ತಡ ಕಡಿಮೆಯಿದ್ದು ಬಿಸಿ ಹೆಚ್ಚಿರಬೇಕಂತೆ. ಕಾಲೇಜಿನ ಪರೀಕ್ಷೆಯಲ್ಲಿ ನನ್ನ ಹೂಂ ನಂಬಿ ಧೈರ್ಯವಾಗಿ ಬರೆದವಳು ಸ್ವಲ್ಪದರಲ್ಲೇ ಫೇಲಾದಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ಮಾತ್ರ ಹೇಳಿಬಿಟ್ಟ: “ಮಾರ್ಚದಾಗೂ ಹಿಂಗಾತಂದ್ರ ಕಾಲೇಜು ಸಾಕವಾ. ಅಕ್ಕನ ಬಾಜೂ ಕುಂದ್ರು, ತೊಟ್ಟು ಬಿಡಿಸಾಕ ಕಾಯಿಗೇನ್ ಕಮ್ಮಿಲ್ಲ.”

ಯೋಚಿಸಿದರೆ ನನ್ನ ಹೂಂ ಕೂಡ ಆದರ್ಶ ಅನಿಲವೇ. ಜಾಗ ಹಿಡಿಯುವುದಿಲ್ಲ, ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ಅಂದಿನಿಂದ ಬಾಯಿಗೆ ಬಂದ ಹೂಂ ನುಂಗಿಕೊಂಡು ‘ಯಾಕ?’ ಅನ್ನತೊಡಗಿದೆ.

“ನಿನಗ ಯಾಕ ಅನ್ನೋ ರೋಗ ಬಡದೈತೇನು?” ಎಂದು ರೇಣುಕಾ ಸಿಡುಕುತ್ತಿದ್ದಳು. ಸಿಡುಕುತ್ತಲೇ ಮತ್ತೆ ಪುಸ್ತಕ ತೆರೆಯುತ್ತಿದ್ದಳು.

ಮಾರ್ಚಿನ ಪರೀಕ್ಷೆಯ ಬೆಳಿಗ್ಗೆ ಅವಳೊಂದಿಗೆ ನಾನೂ ರಾಣೆಬೆನ್ನೂರಿನ ಟೆಂಪೋ ಹತ್ತಿದೆ. ಒಳಗೆ ಕೈಯಾಡಿಸಲೂ ಜಾಗವಿಲ್ಲ. “ಸರಕೋರಿ, ಇನ್ನೂ ನಾಕ್ ಮಂದಿ ಆರಾಮ ಕುಂದರ್ತಾರ!” ಎಂದು ಡ್ರೈವರ್ ಕೂಗಿದ.

“ನಿನ್ನ ಗಾಡಿ ಹತ್ತಾಕ ನನ್ನ ಕಾಲು ಮನ್ಯಾಗ ಬಿಟ್ಟು ಬರಬೇಕಿತ್ತೇನೋ?” ಎಂದಳು ಪಕ್ಕದ ಅಜ್ಜಿ.

ಅದೇ ಗದ್ದಲದಲ್ಲಿ ನಾನು ತಂಗಿಯನ್ನು ಕೇಳಿದೆ: “ಒತ್ತಡ ಕಡಿಮಿ, ಬಿಸಿ ಹೆಚ್ಚು ಇದ್ರ ನೈಜ ಅನಿಲಾನೂ ಆದರ್ಶದಂಗ ಇರತೈತಿ ಅಂದೆಲ್ಲ, ಯಾಕ?”

ರೇಣುಕಾ ಹಲ್ಲು ಕಡಿದಳು. “ಗಾಡ್ಯಾಗ ಇಬ್ಬರ ಇದ್ರ ಯಾರ ಕಾಲು ಎಷ್ಟು ಉದ್ದ ಅಂತ ಯಾರು ಕೇಳ್ತಾರ? ಹಿಂಗ ಒತ್ತಿ ತುಂಬಿದ್ರನ ಗಾತ್ರ ಗೊತ್ತಾಗೋದು! ಬಿಸಿ ಇದ್ರ ಕಣ ಜೋರ್ ಓಡತಾವ, ಒಂದನ್ನೊಂದು ಹಿಡಕೊಳ್ಳಾಕ ಪುರಸೊತ್ತಿರಂಗಿಲ್ಲ. ತಂಪಾತಂದ್ರ ನಿಂತು ಹರಟಿ ಹೊಡೀತಾವ. ಈ ಡ್ರೈವರಣ್ಣ ನಮ್ಮನ್ನೆಲ್ಲ ಆದರ್ಶ ಅನಿಲ ಅಂತ ತಿಳದಾನ!”

“ತಂಗೀ, ಇದು ಬೈಗಳೋ ಹೊಗಳಿಕಿಯೋ?” ಎಂದ ಡ್ರೈವರ್. ಗಾಡಿಯೆಲ್ಲ ನಕ್ಕಿತು, ನಗಲಿಕ್ಕೆ ಮಾತ್ರ ಹೇಗೋ ಜಾಗ ಸಿಕ್ಕಿತು.

ಮಧ್ಯಾಹ್ನ ಹೊರಬಂದವಳ ಮುಖ ಅರಳಿತ್ತು. ಅದೇ ಪ್ರಶ್ನೆ ಬಂದಿತ್ತಂತೆ. ಗೇಟಿನ ಹತ್ತಿರವೇ ನನ್ನನ್ನು ನಿಲ್ಲಿಸಿ ಬರೆದದ್ದನ್ನೆಲ್ಲ ಹೇಳಿ, “ಈಗರ ತಿಳೀತೇನು?” ಎಂದಳು.

“ಇಲ್ಲವಾ,” ಎಂದೆ.

“ಹಂಗಾರ ಸರಿ ಬರದೇನಿ ಬಿಡು. ನೀ ಹೂಂ ಅಂದಿದ್ರ ಎದಿ ಧಸಕ್ ಅಂತಿತ್ತು,” ಎಂದು ನಕ್ಕು ಮತ್ತೆ ಮೊದಲಿನಿಂದ ಶುರುಮಾಡಿದಳು. ಮುಂದೆ ಪಾಸೂ ಆದಳು.

ಖರೇ ಹೇಳಬೇಕೆಂದರೆ ಅವತ್ತು ನನಗೆ ಎಲ್ಲ ತಿಳಿದಿತ್ತು. ಆದರೆ ಶಾಲೆ ಬಿಟ್ಟ ಮೇಲೆ ನನಗೆ ಯಾರೂ ಯಾವುದನ್ನೂ ಎರಡು ಸಲ ಹೇಳಿಕೊಟ್ಟವರಿಲ್ಲ. ಬಸ್ ಸ್ಟ್ಯಾಂಡ್ ಬರುವತನಕ ಏನೂ ತಿಳಿಯದವಳಾಗಿಯೇ ಅವಳ ಪಕ್ಕ ನಡೆದೆ.