ಮಾಳಿಗೆಯ ಬಿಸಿಲಿಗೆ ಚಾಚಿದ ಕಾಲು

ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕದಲ್ಲಿ, ಅರಿಶಿನ ಮೆತ್ತಿದ ಬಲಗಾಲನ್ನು ಬಿಸಿಲಿಗೆ ಚಾಚಿ ಆ ಹುಡುಗಿ ಕುಳಿತಿದ್ದಳು. ಮಂಡಿಯ ಕೆಳಗಿನ ಬಾವು ಮುಷ್ಟಿಗಿಂತ ದೊಡ್ಡದಿತ್ತು. ನಮ್ಮ ಕುಂದಾಪುರದಲ್ಲಿ ಮನೆಗಳಿಗೆ ಇಳಿಜಾರು ಹೆಂಚು. ಅದರ ಮೇಲೆ ಬೆಕ್ಕಲ್ಲದೆ ಯಾರೂ ಕೂರುವುದಿಲ್ಲ. ಹರಿಹರದಲ್ಲಿ ಮಾಳಿಗೆ ಎಂದರೆ ಮನೆಯ ಸಮತಟ್ಟಾದ ನೆತ್ತಿ, ಬಿಸಿಲಿಗೇ ಮೀಸಲಾದ ಇನ್ನೊಂದು ಕೋಣೆ. ಆ ಕಾಲನ್ನು ಅಲ್ಲಿಗೆ ತಂದದ್ದು ನನ್ನ ಮಾತು.

ನನ್ನ ಹಳೆಯ ಗೆಳೆಯರಾದ ನಿಮಗೆ ಇದನ್ನು ಹೇಳಲೇಬೇಕು. ಕಾಲೇಜಿನಲ್ಲಿ ನನ್ನ ಚರ್ಚಾಸ್ಪರ್ಧೆಗಳಿಗೆ ಚಪ್ಪಾಳೆ ತಟ್ಟಿದವರು ನೀವೇ ಅಲ್ಲವೇ?

ಔಷಧ ವಿಜ್ಞಾನದ ಉಪನ್ಯಾಸಕನಾಗಿ ದಾವಣಗೆರೆಗೆ ಬಂದು ಎರಡು ವರ್ಷವಾಯಿತು. ಇಲ್ಲಿನ ನಿಟ್ಟುವಳ್ಳಿ ಬಡಾವಣೆಯಲ್ಲಿ ಗೌರಮ್ಮ ಎಂಬವರ ಮನೆಯ ಮೇಲಿನ ಕೋಣೆ ನನ್ನದು. ಊರಿನಲ್ಲಿ ಕುಚ್ಚಲಕ್ಕಿ ಗಂಜಿ ಕುಡಿದವನು ಇಲ್ಲಿ ಬೆಳಗಿಗೇ ಒಗ್ಗರಣೆ ಮಂಡಕ್ಕಿ ತಿನ್ನುವುದನ್ನು ಕಲಿತೆ. ಅಲ್ಲಿ ಬೆವರು ಆರುವುದಿಲ್ಲ. ಇಲ್ಲಿ ತುಟಿ ಒಡೆಯುತ್ತದೆ. ಭಾನುವಾರಗಳಂದು ಎಸ್‌ಟಿಡಿ ಬೂತಿನ ಸರದಿಯಲ್ಲಿ ನಿಂತು, ಅಮ್ಮನ ದನಿಯ ಹಿಂದೆ ಕಡಲು ಕೇಳೀತೇ ಎಂದು ಕಿವಿಗೊಟ್ಟಿದ್ದೇನೆ.

ಆ ಒಂಟಿತನ ಮರೆಯಾಗುತ್ತಿದ್ದುದು ವೇದಿಕೆಯ ಮೇಲೆ ಮಾತ್ರ. ಜನರ ಅಜ್ಞಾನವನ್ನು ಮಾತಿನಿಂದ ನೀಗಿಸಬಲ್ಲೆನೆಂಬ ನಂಬಿಕೆ ನನ್ನದು. ಹರಿಹರದ ಯುವಕ ಸಂಘವೊಂದರಲ್ಲಿ ಮೂಳೆ ಕ್ಯಾನ್ಸರಿನ ಬಗ್ಗೆ ಮಾತನಾಡಿದೆ. ಕೂದಲಿಗಿಂತ ನೂರಾರು ಪಾಲು ಸಣ್ಣ ಕಣಗಳು, ರೋಗದ ಮೂಳೆಯನ್ನು ಹುಡುಕಿ ಹೋಗಿ ಕೂರುವ ನ್ಯಾನೋ ಕಣಗಳು. ಬೆಳಕು ಬಿದ್ದೊಡನೆ ಎಚ್ಚರಗೊಂಡು ರೋಗವನ್ನಷ್ಟೇ ಸುಡುವವು! ಸಭೆ ಉಸಿರು ಬಿಗಿಹಿಡಿದು ಕೇಳಿತು. ಇದಿನ್ನೂ ದೂರದ ಪ್ರಯೋಗಾಲಯಗಳ ಗಾಜಿನ ತಟ್ಟೆಯಲ್ಲಿದೆ ಎಂಬುದನ್ನು ಕೊನೆಯಲ್ಲಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ನಮ್ಮ ವಾದದ ದುರ್ಬಲ ಅಂಶವನ್ನು ಚಪ್ಪಾಳೆಯ ಅಂಚಿಗೆ ಇಡಬೇಕೆಂದು ಚರ್ಚಾಪಟುಗಳಿಗೆ ಕಲಿಸಿರುತ್ತಾರೆ.

ಮೂರು ವಾರ ಕಳೆದ ಮೇಲೆ ಗೌರಮ್ಮ ಮೆಟ್ಟಿಲೇರಿ ಬಂದರು.

“ಸರ್, ನಮ್ಮ ತಮ್ಮ ರುದ್ರಣ್ಣನ ಮಗಳಿಗೆ ಮೂಳೆ ಕ್ಯಾನ್ಸರಂತ್ರಿ, ಕಾಲು ತೆಗೀಬೇಕು ಅಂದಾರೆ ಡಾಕ್ಟ್ರು. ತಡ ಮಾಡಿದ್ರೆ ಎದೆಗೆ ಹೋಗತೈತೆ ಅಂತಾರೆ. ಅವನು ನಿಮ್ ಭಾಷಣ ಕೇಳ್ಕಂಡು ಬಂದು ಆಪರೇಷನ್ ಬ್ಯಾಡ ಅಂತ ಕುಂತಾನ್ರಿ.”

ಅವರೊಂದಿಗೆ ಹರಿಹರದ ಮುಂದಿನ ಬಸ್ಸಿಗೇ ಹೊರಟೆ.

“ಬರ್ರಿ ಸರ್, ಕೂಡ್ರಿ,” ರುದ್ರಣ್ಣ ಮಾಳಿಗೆಯ ಮೇಲೇ ಚಾಪೆ ಹಾಸಿದರು. “ನೀವು ಹೇಳ್ದಂಗೇ ಮಾಡ್ತಿದೀವಿ. ದಿನಾ ಎರಡು ತಾಸು ಬಿಸಿಲು. ನೀವು ಹೇಳಿದ ಆ ಕಣದ ಪುಡಿ ಸಿಗಾ ತನಕ ಅರಿಶಿನ.”

“ನಾನು ಹೇಳಿದ್ದು ಇದಲ್ಲ, ರುದ್ರಣ್ಣ.”

“ಬೆಳಕು ಬಿದ್ರೆ ರೋಗ ಸುಡತೈತೆ ಅಂದ್ರೋ ಇಲ್ಲೋ? ಮುಂದಿನ ಸಾಲಿನಾಗೇ ಕುಂತಿದ್ದೆ ನಾನು.”

ಅಂದಿದ್ದೆ.

ಹುಡುಗಿಯ ಹೆಸರು ಕವಿತಾ, ಎಸ್ಸೆಸ್ಸೆಲ್ಸಿ ಓದುತ್ತಿದ್ದವಳು. ಅವಳೇ ಕೇಳಿದಳು: “ನಿಮ್ ಬೆಳಕು ಯಾವಾಗ ಬರತೈತ್ರಿ ಸರ್? ನನ್ ಪರೀಕ್ಷೆ ಒಳಗೆ ಬರತೈತಾ?”

ನಾನು ಬದುಕಿನಲ್ಲಿ ಆಡಿದ ಅತ್ಯಂತ ಚಿಕ್ಕ ಭಾಷಣ ಅದು. “ಇಲ್ಲಮ್ಮ. ನಿನಗೆ ಬೇಕಾದ ಹೊತ್ತಿಗೆ ಬರುವುದಿಲ್ಲ.”

ರುದ್ರಣ್ಣ ಮುಖ ತಿರುಗಿಸಿ ಮೆಣಸಿನಕಾಯಿಯನ್ನು ಕೈಯಲ್ಲಿ ಹರಡತೊಡಗಿದರು.

“ಅಷ್ಟನ್ನ ಅವತ್ತೇ ಮೊದ್ಲು ಹೇಳ್ಬಾರ್ದಿತ್ತಾ? ಅರಿಶಿನ ಹತ್ತಿ ಎರಡು ಲಂಗ ಹಾಳಾದ್ವು,” ಎಂದಳು ಕವಿತಾ. ಆಮೇಲೆ ಮೆಲ್ಲಗೆ, “ಅಪ್ಪಾಜಿ, ನಾಳೆ ಹೋಗಾಣ.”

ಹೋದೆವು. ಶಸ್ತ್ರಕ್ರಿಯೆಗೆ ಮುನ್ನ ಎದೆಯ ಎಕ್ಸ್‌ರೇ ತೆಗೆದರು. ಫಲಿತಾಂಶ ಬರುವವರೆಗೆ ಆಸ್ಪತ್ರೆಯ ಬೆಂಚಿನ ಇನ್ನೊಂದು ತುದಿಯಲ್ಲಿ ರುದ್ರಣ್ಣ ನನಗೆ ಬೆನ್ನು ಹಾಕಿ ಕುಳಿತಿದ್ದರು. ಸದ್ಯಕ್ಕೆ ಎದೆಯಲ್ಲಿ ಏನೂ ಕಾಣುತ್ತಿಲ್ಲ ಎಂದರು ವೈದ್ಯರು. “ಸದ್ಯಕ್ಕೆ” ಎಂಬುದನ್ನು ಅವರು ಮೊದಲೇ ಹೇಳಿದರು. ಕಾಲು ಹೋಯಿತು.

ಈಗ ನಮ್ಮೂರಿನ ಕಾಲೇಜಿನಿಂದ ಕೆಲಸಕ್ಕೆ ಕರೆ ಬಂದಿದೆ. ಕಡಲು, ಕುಚ್ಚಲಕ್ಕಿ, ಅಮ್ಮ. ಹಿಂದಿರುಗಲು ನನಗೆ ಕಾರಣಗಳ ಕೊರತೆಯಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಕವಿತಾ ಊರುಗೋಲಿನಲ್ಲಿ ನಿಟ್ಟುವಳ್ಳಿಯ ಮನೆಗೆ ಬರುತ್ತಾಳೆ, ಹೊಸ ಎಕ್ಸ್‌ರೇ ಹಿಡಿದು. ವೈದ್ಯರು ನೋಡಿದ್ದರೂ ಅವಳಿಗೆ ಸಾಲದು. “ನೀವೂ ನೋಡ್ರಿ ಸರ್,” ಎನ್ನುತ್ತಾಳೆ. ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪಕ್ಕೆಲುಬನ್ನು ನೋಡುತ್ತೇನೆ. ಮೆಟ್ಟಿಲ ಕೆಳಗೆ ರುದ್ರಣ್ಣ ನಿಂತಿರುತ್ತಾರೆ. ಮೇಲೆ ಬರುವುದಿಲ್ಲ, ಹೋಗುವುದೂ ಇಲ್ಲ. ಕಾಲೇಜಿಗೆ ಬರೆಯಬೇಕಾದ ಉತ್ತರದ ಖಾಲಿ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ.