ಬಾನೆಟ್ ತಣ್ಣಗಾಗುವ ತನಕ

ಗೆಳೆಯರೇ, ಕೂಡ್ಲಿಗಿಯ ನಮ್ಮ ಮಾವ ಮಾರಾಟಕ್ಕಿಟ್ಟ ಹಳೇ ಕಾರು ನೋಡಲು ಇವತ್ತು ಕೊಟ್ಟೂರಿನಿಂದ ಒಬ್ಬ ಅಕ್ಕ ಬಂದಿದ್ದರು. ಮದುವೆಗಳಿಗೆ ಅಡುಗೆ ಮಾಡಿ ಒಯ್ಯುವವರು. ಗಾಡಿ ಕೈಕೊಟ್ಟರೆ ಊಟವೂ ಹೋಯಿತು, ಹೆಸರೂ ಹೋಯಿತು.

ಬಂದವರೇ ಬಾನೆಟ್ ಮುಟ್ಟಿ, "ಬಿಸಿ ಐತಲ್ರಿ ಅಣ್ಣಾರ?" ಎಂದರು.

"ಈಗ ಸಂತಿಗೆ ಹೋಗಿ ಬಂದೀವ್ರಿ," ಎಂದರು ಮಾವ. ಸುಳ್ಳು. ತಣ್ಣಗಿದ್ದರೆ ಸ್ಟಾರ್ಟ್ ಆಗುವುದಿಲ್ಲವೆಂದು ಬೆಳಿಗ್ಗೆಯಿಂದ ಅಕ್ಕ ಬರುವ ತನಕ ಎಂಜಿನ್ ಚಾಲೂ ಇಟ್ಟಿದ್ದರು.

"ಹಂಗಾರ ಊಟ ಮಾಡೇ ನೋಡ್ತೀನ್ರಿ," ಎಂದು ಅಕ್ಕ ಒಳಗೆ ಬಂದು ಕುಳಿತರು. ಬಂದವರಿಗೆ ಊಟ ಇಲ್ಲ ಎನ್ನಲಾದೀತೇ? ನಿಧಾನವಾಗಿ ರೊಟ್ಟಿ ಉಂಡರು, ಅತ್ತೆಯೊಂದಿಗೆ ಹರಟಿದರು, ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಹೋಗಿ ಕೀಲಿ ತಿರುವಿದರು. ಎಂಜಿನ್ ಕೆಮ್ಮಿತು, ಹತ್ತಲಿಲ್ಲ.

"ಊಟ ಭಾಳ ಚಲೋ ಇತ್ರಿ ಅಣ್ಣಾರ," ಎಂದು ನಗುತ್ತಾ ಹೊರಟರು.

ಎಂಥ ಹೆಣ್ಣುಮಗಳು! ಮಾವ ಮಾತ್ರ ಇನ್ನೂ ಅತ್ತೆಯನ್ನು ಬಯ್ಯುತ್ತಿದ್ದಾರೆ, ಎರಡನೇ ರೊಟ್ಟಿ ಬಡಿಸಿದ್ದಕ್ಕೆ.