ಟೆಂಪೋ ಮಾಮ ಥಾಯ್ಲೆಂಡಿನಲ್ಲಿ ಹೊಡೆದ ಹಾರ್ನ್

ಹಸಿ ಮೀನಿನ ವಾಸನೆ ಎಲ್ಲರಿಗೂ ಗೊತ್ತು, ಮಲ್ಲಿಗೆ ಊದುಬತ್ತಿಯ ವಾಸನೆಯೂ ಗೊತ್ತು. ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಮಾತ್ರ ಅದು ಮೀನು ಮಾರುವ ಟೆಂಪೋ ಮಾಮನ ಗಾಡಿ. ಕಳೆದ ವಾರ ಸದಾಶಿವಗಡದ ಗ್ಯಾರೇಜೊಂದರ ಮುಂದೆ ಬೈಕಿನ ಚಕ್ರಕ್ಕೆ ಗಾಳಿ ಹಾಕಿಸುತ್ತಿದ್ದಾಗ ಆ ವಾಸನೆ ಬಂತು. ತಿರುಗಿ ನೋಡಿದರೆ ಅದೇ ಟೆಂಪೋ. ಬಣ್ಣ ಬೇರೆ, ಮಾಲೀಕ ಬೇರೆ, ಐಸ್ ಪೆಟ್ಟಿಗೆಗಳಿದ್ದ ಜಾಗದಲ್ಲಿ ಸಿಮೆಂಟಿನ ಚೀಲಗಳು. ಗಾಡಿ ಮಾರಿಹೋದ ಸುದ್ದಿ ವಾಸನೆಗೆ ಮಾತ್ರ ಇನ್ನೂ ತಲುಪಿರಲಿಲ್ಲ...

ಮುಂದಕ್ಕೆ ಹೋಗುವ ಮೊದಲು ನನ್ನ ಮಳ್ಳುತನವನ್ನು ನಾನೇ ಹೇಳಿಬಿಡುತ್ತೇನೆ. ಒಂದಕ್ಷರ ಥಾಯ್ ಬಾರದ ನಾನು, ದುಭಾಷಿ ಎಂದು ಹೇಳಿಕೊಂಡು ಟೆಂಪೋ ಮಾಮನ ಜೊತೆ ಥಾಯ್ಲೆಂಡಿಗೆ ಹೋದೆ. ನನಗೆ ಬರುವುದು ಬೇರೆಯವರ ದನಿ ತೆಗೆಯುವುದು, ಅದೊಂದೇ. ನಮ್ಮೂರು ಭಾವಿಕೇರಿಯಲ್ಲಿ ನನ್ನ ಬಾಯಿಗೆ ಬೀಳದ ಮನುಷ್ಯನಿಲ್ಲ. ಮೂರು ಸಲ ಕೆಮ್ಮಿ ಭಾಷಣ ಶುರು ಮಾಡುವ ಪಂಚಾಯ್ತಿ ಮೆಂಬರು, ಬಯ್ಯುವಾಗಲೂ ರಾಗ ಬಿಡದ ನನ್ನ ಅಜ್ಜಿ, ಯಾರನ್ನೂ ಬಿಟ್ಟಿಲ್ಲ. ಕನ್ನಡಿ ಮುಂದೆ ನಿಂತು ನನ್ನನ್ನೂ ಅಣಕಿಸಿಕೊಂಡಿದ್ದೇನೆ. ಅದಕ್ಕೆ ಮಾತ್ರ ಯಾರೂ ನಗಲಿಲ್ಲ. ಫೋನಿನಲ್ಲಿ ಥಾಯ್ ಅಡುಗೆಯ ವಿಡಿಯೋ ನೋಡಿ ಅವರ ಮಾತಿನ ಏರಿಳಿತ ಹಿಡಿದುಕೊಂಡಿದ್ದೆ. ಒಂದು ಸಂಜೆ ಚಹದಂಗಡಿಯಲ್ಲಿ ಅದನ್ನು ಬಿಟ್ಟಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೆಂಪೋ ಮಾಮ ನಗಲಿಲ್ಲ. ಗ್ಲಾಸು ಕೆಳಗಿಟ್ಟು ಹತ್ತಿರ ಬಂದರು.

"ತಮಾ, ನಿಂಗೆ ಆ ದೇಶದ ಮಾತು ಬರ್ತದ್ಯಾ?"

"ಓ, ಬರ್ತದೆ ಮಾಮ" ಎಂದೆ. ನಗು ಇನ್ನೂ ಬಾಯಲ್ಲಿತ್ತು. ಅದರ ಜೊತೆಗೇ ಆ ಮಾತೂ ಬಿದ್ದುಹೋಯಿತು.

ಅವರು ಯಾಕೆ ಕೇಳಿದರೆಂದು ಇಡೀ ಅಂಗಡಿಗೆ ಗೊತ್ತಿತ್ತು. ಅವರ ತಮ್ಮ, ನಾವೆಲ್ಲ ಸಣ್ಣ ಮಾಮ ಎಂದು ಕರೆಯುತ್ತಿದ್ದವರು, ಥಾಯ್ಲೆಂಡಿನ ಸಮುದ್ರ ದಂಡೆಯ ಹೋಟೆಲೊಂದಕ್ಕೆ ಅಡುಗೆಯವರಾಗಿ ಹೋಗಿದ್ದರು. ಕಳಿಸಿದವರು ಟೆಂಪೋ ಮಾಮನೇ. ಹೋಟೆಲು ಮುಚ್ಚಿತು. ಕಾಗದಪತ್ರ ಸರಿಯಿಲ್ಲ, ಊರಿಗೆ ಬರಲು ಮುಖವಿಲ್ಲ ಎಂದುಕೊಂಡು ಸಣ್ಣ ಮಾಮ ಆ ದೇಶದ ಉತ್ತರಕ್ಕೆ, ಗುಡ್ಡದ ಜಿಲ್ಲೆಗಳ ಕಡೆಗೆ ಹೋದರಂತೆ. ಅವರಿವರ ಫೋನಿನಿಂದ ಆಗೀಗ ಮಾತಾಡುತ್ತಿದ್ದರು. ಒಂದು ಮಳೆಗಾಲದ ನಂತರ ಅದೂ ನಿಂತಿತು. ಕೊಡಬೇಕಾದ ಕಡೆಯೆಲ್ಲ ಅರ್ಜಿ ಕೊಟ್ಟಾಗಿತ್ತು. ವಿಚಾರಣೆ ನಡೆದಿದೆ ಎಂಬ ಉತ್ತರವೊಂದನ್ನು ಬಿಟ್ಟು ಬೇರೇನೂ ಬಂದಿರಲಿಲ್ಲ.

ಮನೆಯಲ್ಲಿ ಸಣ್ಣ ಮಾಮನ ಹೆಂಡತಿ, ಮಾಮಿ. ಗಂಡ ಇದ್ದಾನೆಂದು ಬಳೆ ತೊಡುವುದೋ, ಇಲ್ಲವೆಂದು ಒಡೆಯುವುದೋ ತಿಳಿಯದೆ ಕೂತ ಹೆಂಗಸು. ಬಳೆಗಾರ ಓಣಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಟೆಂಪೋ ಮಾಮನಿಗೆ ಮದುವೆಯಾಗಿರಲಿಲ್ಲ. ತಮ್ಮ, ತಮ್ಮನ ಹೆಂಡತಿ, ಅವರ ಸಂಸಾರ ಅಷ್ಟೇ. ಆ ಮನೆಯಲ್ಲಿ ಹಳೆಯದೊಂದು ಪದ್ಧತಿ ಉಳಿದಿತ್ತು: ಗಂಡನ ಅಣ್ಣನೆದುರು ತಮ್ಮನ ಹೆಂಡತಿ ನಿಂತು ಮಾತಾಡುವ ಹಾಗಿಲ್ಲ. ಊರಲ್ಲಿ ಉಳಿದವರೆಲ್ಲ ಅದನ್ನು ಯಾವಾಗಲೋ ಬಿಟ್ಟಿದ್ದರು. ಈ ಇಬ್ಬರು ಬಿಡಲಿಲ್ಲ. ಮಾಮಿ ಬಾಗಿಲ ಹಿಂದಿನಿಂದ "ಭಾವನವ್ರಿಗೆ ಊಟಕ್ಕೆ ಬರೂಕೆ ಹೇಳು" ಎನ್ನುವರು. ಮಾಮ ಜಗುಲಿಯಿಂದ "ಅಡ್ಡಿಲ್ಲ ಅನ್ನು" ಎನ್ನುವರು. ನಡುವೆ ಪಕ್ಕದ ಮನೆಯ ನಾನು. ಅವರ ಮಾತನ್ನು ಇವರಿಗೆ ಅವರದೇ ದನಿಯಲ್ಲಿ, ಇವರದನ್ನು ಅವರಿಗೆ ಇವರದೇ ದನಿಯಲ್ಲಿ ತಲುಪಿಸುತ್ತಿದ್ದೆ. ಇಬ್ಬರೂ ಸೆರಗು, ಟವೆಲು ಬಾಯಿಗೆ ಹಿಡಿದು ನಗುತ್ತಿದ್ದರು. ಒಬ್ಬರ ನಗು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಹೊರಡುವ ದಿನ ಮಾಮಿ ನನ್ನ ಕೈಯಲ್ಲಿ ಹೇಳಿಸಿದ ಮಾತು ಇಷ್ಟೇ: "ಇದ್ರೆ ಇದ್ದಾರೆ ಅನ್ಲಿ, ಇಲ್ದಿದ್ರೆ ಇಲ್ಲ ಅನ್ಲಿ. ಎರಡ್ರಲ್ಲಿ ಒಂದು ಬೇಕು ನಂಗೆ." ಆ ಮಾತನ್ನು ಮಾತ್ರ ನಾನು ಮಾಮಿಯ ದನಿಯಲ್ಲಿ ಹೇಳಲಿಲ್ಲ.

ಚಿಯಾಂಗ್ ಮಾಯ್ ಎಂಬಲ್ಲಿ ಇಳಿದು ಬಾಡಿಗೆಗೆ ಸಣ್ಣ ಬಿಳಿ ಕಾರು ತೆಗೆದುಕೊಂಡೆವು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ. ಮಾಮ ಸೀಟಿನ ಮೇಲೆ ಟವೆಲು ಹಾಸಿ, ಸ್ಟೇರಿಂಗಿಗೆ ಕೈಮುಗಿದು ಹೊರಟರು. ಸಣ್ಣ ಮಾಮನ ಹೋಟೆಲಿನ ಹಳೆಯ ಜೊತೆಗಾರರು ಹೇಳಿದ್ದು ಮೂರು ಜಿಲ್ಲೆಗಳ ಹೆಸರು: ಪಯಾವ್, ನಾನ್, ಪ್ರೇ. ಪ್ರವಾಸಿಗರು ಅಷ್ಟಾಗಿ ಹೋಗದ ಕಡೆ. ಸಾಗವಾನಿ ಕಾಡು, ಜೋಳ ಕೊಯ್ದು ಬೋಳಾದ ಗುಡ್ಡ, ಸುತ್ತಿ ಸುತ್ತಿ ಹತ್ತುವ ರಸ್ತೆ. ರಸ್ತೆಗಳು ಎಷ್ಟು ನಯವೆಂದರೆ ಮಾಮನಿಗೆ ಅನುಮಾನ ಬಂತು. "ಮುಂದೆ ಎಲ್ಲೋ ಹೊಂಡ ಇರೂಕೇ ಬೇಕು, ನೋಡ್ತಿರು" ಎನ್ನುತ್ತಲೇ ಇದ್ದರು.

ನನ್ನ ಬಣ್ಣ ಪಯಾವ್‌ನಲ್ಲೇ ಬಯಲಾಯಿತು. ದೊಡ್ಡ ಕೆರೆಯ ದಂಡೆಯ ಮೇಲೆ ಹುರಿದ ಮೀನು ಮಾರುವ ಹೆಂಗಸಿನ ಮುಂದೆ ಸಣ್ಣ ಮಾಮನ ಫೋಟೋ ಹಿಡಿದು, ರಾಗವಾಗಿ ನಾಲ್ಕು ಸಾಲು ಬಿಟ್ಟೆ. ಆಕೆ ಪಾಪ, ಕೈಮುಗಿದು ನಕ್ಕಳು. ಮತ್ತೆ ಬಿಟ್ಟೆ. ಈ ಹುಡುಗನಿಗೆ ಹಸಿವೆಯಾಗಿದೆ ಎಂದುಕೊಂಡು ಅಂಟಂಟು ಅನ್ನದ ಪೊಟ್ಟಣ ಕೊಟ್ಟಳು. ಮಾಮ ಕಾರಿನ ಹತ್ತಿರ ನಿಂತು ನೋಡುತ್ತಿದ್ದರು.

"ಒಂದಕ್ಷರ ಬರೂದಿಲ್ಲ ಅಲ್ವಾ ತಮಾ?"

"ಇಲ್ಲ ಮಾಮ."

"ಊರಲ್ಲೇ ಗೊತ್ತಿತ್ತು."

"ಮತ್ಯಾಕೆ ಕರ್ಕಂಡು ಬಂದ್ರಿ?"

"ಒಬ್ಬನೇ ಬಂದಿದ್ರೆ ಅರ್ಧ ದಾರೀಲೇ ತಿರುಗಿ ಹೋಗ್ತಿದ್ದೆ..." ಎಂದು ಪೊಟ್ಟಣ ಬಿಚ್ಚಿ ಅರ್ಧ ನನಗೆ ಕೊಟ್ಟರು.

ಆಮೇಲೆ ನನ್ನ ಕೆಲಸವನ್ನು ಫೋನು ವಹಿಸಿಕೊಂಡಿತು. ಕನ್ನಡದಲ್ಲಿ ಹೇಳಿದರೆ ಅದು ಥಾಯ್‌ನಲ್ಲಿ ಹೇಳುತ್ತಿತ್ತು. ಕೇಳಿದಲ್ಲೆಲ್ಲ ಜನ ತಲೆಯಾಡಿಸಿ ಇಲ್ಲವೆಂದರು. ಆಗ ಮಾಮ ಹಾರ್ನ್ ಹೊಡೆಯಲು ಶುರುಮಾಡಿದರು.

ಅವರ ಹಾರ್ನಿಗೊಂದು ಕ್ರಮವಿತ್ತು: ಎರಡು ಗಿಡ್ಡ, ಒಂದು ಉದ್ದ, ಮತ್ತೊಂದು ಗಿಡ್ಡ. ಕಾರವಾರದ ಬಂದರಿನಲ್ಲಿ ಬೆಳಿಗ್ಗೆ ಮೀನು ತುಂಬಿಕೊಂಡು ಅಂಕೋಲೆಯ ಓಣಿಗಳಲ್ಲಿ, ಭಾವಿಕೇರಿಯಲ್ಲಿ ಅದನ್ನು ಹೊಡೆದರೆ ಹೆಂಗಸರು ತಾಟು ಹಿಡಿದು ಹೊರಗೆ ಬರುತ್ತಿದ್ದರು. ಸಣ್ಣ ಮಾಮ ಬೆಳೆದದ್ದೇ ಆ ಟೆಂಪೋದ ಹಿಂಬದಿಯಲ್ಲಿ. "ಎಲ್ಲಿದ್ರೂ ಇದು ಕೇಳಿದ್ರೆ ಅಂವ ಹೊರಗೆ ಬರ್ತಾ" ಎಂದರು ಮಾಮ. ಆ ದೇಶದಲ್ಲಿ ಯಾರೂ ಹಾರ್ನ್ ಮುಟ್ಟುವುದಿಲ್ಲ. ಮುಂದಿನವನು ಮಲಗಿದರೂ ಹಿಂದಿನವನು ಕಾಯುತ್ತಾನೆ. ಅಂಥ ಊರುಗಳಲ್ಲಿ, ಆಡಿನ ಮರಿಯ ಹಾಗೆ ಕಿರುಚುವ ಆ ಕಾರಿನ ಹಾರ್ನನ್ನು ಮಾಮ ಓಣಿ ಓಣಿಯಲ್ಲಿ ಒತ್ತುತ್ತ ಹೋದರು. ಜನ ಕಿಟಕಿಯಿಂದ ಇಣುಕಿದರು. ನಾನ್ ಪೇಟೆಯಲ್ಲಿ ಪೊಲೀಸನೊಬ್ಬ ನಿಲ್ಲಿಸಿ, ಬಹಳ ಮರ್ಯಾದೆಯಿಂದ, ಬಾಯಿಗೆ ಬೆರಳಿಟ್ಟು ತೋರಿಸಿ ಹೋದ. ಮಾಮ ತಿರುವು ದಾಟಿ ಮತ್ತೆ ಒತ್ತಿದರು. ನನಗೆ ನಾಚಿಕೆಯಾಗಿ ಸೀಟಿನಲ್ಲಿ ಕೆಳಗೆ ಜಾರಿ ಕೂತಿದ್ದೆ. ಅವರ ಮುಖ ನೋಡಿದ ಮೇಲೆ ನೆಟ್ಟಗೆ ಕೂತೆ. ಹಾರ್ನ್ ಒತ್ತಿದ ಮೇಲೆ ಪ್ರತಿ ಸಲ ಅವರು ಉಸಿರು ಹಿಡಿದು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದರು.

ಪ್ರೇ ಊರಿನಲ್ಲಿ, ಕಟ್ಟಿಗೆಯ ಹಳೇ ಮನೆಗಳ ಒಂದು ಓಣಿ. ಬೆಳಗಿನ ಹೊತ್ತು. ಮಾಮ ಹಾರ್ನ್ ಹೊಡೆದರು. ಒಂದು ಮನೆಯಿಂದ ನೀಲಿ ಅಂಗಿಯ ಮುದುಕಿ ಓಡಿಬಂದಳು.

ಕೈಯಲ್ಲಿ ತಾಟಿತ್ತು.

ಪಕ್ಕದ ಮನೆಯಿಂದ ಇನ್ನೊಬ್ಬಳು, ಬಟ್ಟಲು ಹಿಡಿದು. ಎದುರುಗಡೆಯಿಂದ ಮತ್ತೊಬ್ಬಳು. ಮೂವರೂ ರಸ್ತೆಗೆ ಬಂದು, ಬಿಳಿ ಕಾರು ನೋಡಿ, ನಮ್ಮನ್ನು ನೋಡಿ, ಅಲ್ಲೇ ನಿಂತರು. ಮಾಮ ಬಾಗಿಲು ತೆಗೆದು ಇಳಿದರು. ಇಂಜಿನ್ ನಿಲ್ಲಿಸುವುದು ಅವರಿಗೆ ನೆನಪಾಗಲಿಲ್ಲ. ಜಗತ್ತಿನಲ್ಲಿ ಆ ಹಾರ್ನಿಗೆ ತಾಟು ಹಿಡಿದು ಬರುವುದನ್ನು ಆ ಹೆಂಗಸರಿಗೆ ಕಲಿಸಬಲ್ಲವನು ಒಬ್ಬನೇ ಇದ್ದ.

ನಾನು ಫೋಟೋ ತೋರಿಸಿದೆ. ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೌದು, ಮೀನಿನವನು. ಮೋಟಾರ್ ಸೈಕಲ್ಲಿನ ಪಕ್ಕಕ್ಕೊಂದು ಗಾಡಿ ಕಟ್ಟಿಕೊಂಡು, ನಮ್ಮ ಬಂಗಡೆಯಂಥ ಸಣ್ಣ ಮೀನನ್ನು ಕೆಂಪು ಮಸಾಲೆ ಹಚ್ಚಿ ಹುರಿದು, ದಿನವೂ ಈ ಓಣಿಗೆ ತರುತ್ತಿದ್ದ. ಹಾರ್ನ್ ಕೇಳಿ, ಒಂದು ಕ್ಷಣ ಎಲ್ಲ ಮರೆತು, ಅವನೇ ತಿರುಗಿ ಬಂದನೆಂದು ಓಡಿ ಬಂದಿದ್ದರು. ತಿರುಗಿ ಎಲ್ಲಿಂದ ಎಂದು ಕೇಳಿದೆ. ಫೋನಿನ ಮುಂದೆ ಮುದುಕಿ ಬಹಳ ಹೊತ್ತು ಮಾತಾಡಿದಳು. ಫೋನಿನೊಳಗಿನ ಹೆಂಗಸು, ಏರಿಲ್ಲದೆ ಇಳಿತವಿಲ್ಲದೆ, ಕನ್ನಡದಲ್ಲಿ ಹೇಳಿದಳು: "ಮಳೆ. ಗುಡ್ಡದ ರಸ್ತೆ. ಗಾಡಿ ಜಾರಿತು. ಮೀನಿನ ಮನುಷ್ಯ ತೀರಿಕೊಂಡ. ನಾವು ದೇವಸ್ಥಾನದಲ್ಲಿ ಸುಟ್ಟೆವು. ಅವನ ಮನೆ ಎಲ್ಲಿ ಎಂದು ನಮಗೆ ಗೊತ್ತಿರಲಿಲ್ಲ."

ಎಂಥೆಂಥ ದನಿ ತೆಗೆದಿದ್ದೇನೆ. ಆ ದನಿಯನ್ನು ಇವತ್ತಿಗೂ ತೆಗೆದಿಲ್ಲ.

ದೇವಸ್ಥಾನದವರು ಅವರ ಬೂದಿ ಇಟ್ಟಿದ್ದ ಮಣ್ಣಿನ ಸಣ್ಣ ಕುಡಿಕೆ ಕೊಟ್ಟರು. ಊರ ಪಕ್ಕದ ನದಿಯಲ್ಲಿ ಮಾಮ ಮೊಣಕಾಲವರೆಗೆ ಇಳಿದು ಅದನ್ನು ಬಿಟ್ಟರು. ಮಂತ್ರ ಗೊತ್ತಿಲ್ಲ, ಭಟ್ಟರಿಲ್ಲ. "ಹೋಗಿ ಬಾ ತಮಾ" ಎಂದರು. ನನ್ನನ್ನು ಕರೆಯುವ ಅದೇ ಶಬ್ದ. ದಡದಲ್ಲಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ವಾಪಸು ದಾರಿಯಲ್ಲಿ ಮಾಮ ಹಾರ್ನ್ ಮುಟ್ಟಲಿಲ್ಲ. ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದಾಗ ಅವರ ಫೋನು ರಿಂಗಾಯಿತು. ಮಾಮಿ. ಭಾವನಿಗೆ ತಾನಾಗಿ ಎಂದೂ ಫೋನು ಮಾಡದ ಹೆಂಗಸು. ಮಾಮ ಅದನ್ನು ಕೆಂಡದಂತೆ ನನ್ನ ಮಡಿಲಿಗೆ ಹಾಕಿದರು.

"ಅವನ ಹಾಂಗೆ ಮಾತಾಡು."

"ಮಾಮ, ಬೇಡ."

"ನನ್ ಕೈಲಿ ಆಗೂದಿಲ್ಲ ತಮಾ. ನಾನೇ ಕಳ್ಸಿದ್ದು ಅವನ್ನ. ಅವಳ ಬಳೆ ನಾನು ಒಡೀಲಾ? ಮಾತಾಡು, ನಿನ್ ಕಾಲಿಗೆ ಬೀಳ್ತೆ." ನಿಜವಾಗಿಯೂ ಬಗ್ಗಿದರು. ಸ್ಟೇರಿಂಗು ಅಡ್ಡ ಬಂತು.

ಮಾತಾಡಿದೆ. ಸಣ್ಣ ಮಾಮನ ದನಿ ನನಗೆ ಯಾವಾಗಲೂ ಸುಲಭ. ಗಂಟಲಲ್ಲಿ ಸ್ವಲ್ಪ ಮರಳು, ಶಬ್ದದ ಕೊನೆಗೊಂದು ಎಳೆತ. "ನಾನೇಯಾ. ಸಿಕ್ಕಿದ್ರು ಅಣ್ಣ. ಕಾಗದ ಸರಿಯಾಗೂಕೆ ಟೈಮು ಬೇಕು, ಆಮೇಲೆ ಬರ್ತೆ." ಆ ಕಡೆ ಉಸಿರು ಮಾತ್ರ. ಪ್ರೀತಿಯಿಂದ ಏನಾದರೂ ಸೇರಿಸೋಣವೆಂದು, "ಊಟ ಆಯ್ತಾ ನಿಂದು?" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮಾಮಿ "ಆಯ್ತು" ಎಂದರು. ಫೋನು ಇಟ್ಟರು.

ಊರಿಗೆ ಬಂದ ಮೇಲೆ ಮಾಮ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮೀನು ಬಿಟ್ಟರು. ದಿನವಿಡೀ ಮೀನು ಮಾರಿ ರಾತ್ರಿ ಗಂಜಿಗೆ ಉಪ್ಪಿನಕಾಯಿ. ಅದು ಸೂತಕವೆಂದು ಗೊತ್ತಿದ್ದವನು ನಾನೊಬ್ಬನೇ. ಮಾಮಿ ಬಳೆಗಾರನನ್ನು ಕರೆದು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿಕೊಂಡರು. ಅದನ್ನು ನೋಡಿ ಮಾಮ ಜಗುಲಿಯಿಂದೆದ್ದು ಹಿತ್ತಲಿಗೆ ಹೋದರು... ಆಮೇಲೆ ಚೌತಿಗೊಮ್ಮೆ, ದೀಪಾವಳಿಗೊಮ್ಮೆ, ಕಾರವಾರದ ಹತ್ತಿರದ ಕಿನ್ನರ ಎಂಬ ಊರಲ್ಲಿ ಗೆಳೆಯನ ಮನೆಯಲ್ಲಿ ಕೂತು, ಥಾಯ್ಲೆಂಡಿನಲ್ಲಿ ಕೊಂಡಿದ್ದ ನಂಬರಿನಿಂದ ಇಂಟರ್ನೆಟ್ ಕಾಲ್ ಮಾಡಿ ನಾನು ಸಣ್ಣ ಮಾಮನಾದೆ. ಮಾಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮಾತು ಮುಗಿದ ಮೇಲೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಇನ್ನೊಂದು ಶಬ್ದ ಬಂದೀತೇ ಎಂಬಂತೆ. ಈ ಫೋನು ತಮ್ಮನ ಹೆಂಡತಿಗಾಗಿಯೋ, ತಮಗಾಗಿಯೋ, ನಾನು ಕೇಳಲಿಲ್ಲ.

ಈ ಮಳೆಗಾಲದ ಆರಂಭದಲ್ಲಿ ಮಾಮ ಹೋದರು. ಕಾರವಾರದ ಬಂದರಿನಲ್ಲಿ, ಐಸ್ ಪೆಟ್ಟಿಗೆ ಎತ್ತುವಾಗ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಈಗ ಓಣಿಗೆ ಬೇರೆ ಟೆಂಪೋ ಬರುತ್ತದೆ, ಮೈಕಿನಲ್ಲಿ ಧ್ವನಿಮುದ್ರಿಸಿದ ಕೂಗು. ಮಾಮನ ದನಿಯನ್ನು ತೆಗೆಯಲು ಒಂದೆರಡು ಸಲ ನೋಡಿದೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಳ್ಳುತ್ತೇನೆ.

ಟೆಂಪೋ ಕಂಡ ಮರುದಿನ ಮಾಮಿಯ ಹತ್ತಿರ ಹೋದೆ. ಹಿತ್ತಲಲ್ಲಿ ಶೆಟ್ಲಿ, ಎಂದರೆ ಸಿಗಡಿ, ಸುಲಿಯುತ್ತಿದ್ದರು. ಕೈ ಬರಿದಾಗಿತ್ತು, ಮಾಮನ ಹದಿಮೂರನೆಯ ದಿನ ಮುಗಿದ ಸಂಜೆ ತಾವೇ ಬಳೆ ತೆಗೆದಿಟ್ಟಿದ್ದರು, ಯಾರಿಗೂ ಏನೂ ಹೇಳದೆ. ನಡೆದದ್ದನ್ನೆಲ್ಲ ಹೇಳಲು ಶುರುಮಾಡಿದೆ, ತಡವರಿಸಿದೆ, ಪ್ರೇ ಊರಿನವರೆಗೆ ತಲುಪುವ ಮೊದಲೇ ಅವರು ಕೈಯೆತ್ತಿ ನಿಲ್ಲಿಸಿದರು.

"ಗೊತ್ತದೆ. ಮೊದಲ್ನೇ ಫೋನಿಗೇ ಗೊತ್ತಾಯ್ತು."

"ಹಾಂಗಾರೆ ಮಾಮನಿಗೆ ಹೇಳ್ಲಿಲ್ಲ ಯಾಕೆ?"

"ಭಾವನವ್ರ ಎದುರು ನಾ ಹ್ಯಾಂಗೆ ಮಾತಾಡೂದಾ? ಹೇಳಿ ಕಳ್ಸೂಕೆ ಇದ್ದಂವ ನೀನೊಬ್ಬ. ಬಳೆ ಇಟ್ಕಂಡ್ರೆ ಅವ್ರ ಜೀವಕ್ಕೆ ಸಮಾಧಾನ ಆಗ್ತದೆ ಅಂದ್ಕಂಡೆ, ಇಟ್ಕಂಡೆ."

ಅಳಬೇಕಾದ ಹೊತ್ತು. ನನ್ನ ಹಾಳು ಬಾಯಿ ಆಗಲೂ ಸುಮ್ಮನಿರಲಿಲ್ಲ. "ದನಿ ಸರಿ ಬಂದಿರ್ಲಿಲ್ವಾ ಮಾಮಿ?" ಎಂದು ಕೇಳಿಬಿಟ್ಟೆ.

ಮಾಮಿ ಒಂದು ಶೆಟ್ಲಿಯ ತಲೆ ಮುರಿದು ಬದಿಗೆ ಹಾಕಿದರು.

"ದನಿ ಎಲ್ಲಾ ಅವ್ರದೇಯಾ ಮಳ್ಳಾ. ಆದ್ರೆ ಅವ್ರು ಜನ್ಮದಲ್ಲಿ ಒಂದಿನ ನನ್ ಹತ್ರ ಊಟ ಆಯ್ತಾ ಅಂತ ಕೇಳ್ದಂವ್ರಲ್ಲ."